ಗಣಕಯಂತ್ರದ ಕಪ್ಪೆಯೂ ಹಿಟ್ಟಿನ ಕೋಳಿಯೂ

ರಾಜಗೃಹದ ಕಪ್ಪೆಯ ಕಥೆಯನ್ನು ಅರಿಯದ ಶ್ರಾವಕರ ಮನೆ ವಿರಳ. ನಾಗದತ್ತನೆಂಬ ಶ್ರೇಷ್ಠಿಯು ಜೀವಮಾನವನ್ನೆಲ್ಲ ಮಾಯಾಚಾರದಲ್ಲಿ ಕಳೆದು, ಸತ್ತು, ತನ್ನ ಮನೆಯಂಗಳದ ಬಾವಿಯಲ್ಲಿಯೇ ಕಪ್ಪೆಯಾಗಿ ಹುಟ್ಟಿದನು. ನೀರಿಗೆಂದು ಬಂದ ಹೆಂಡತಿ ಭವದತ್ತೆಯನ್ನು ಕಂಡಾಗ ಆ ಕಪ್ಪೆಗೆ ಜಾತಿಸ್ಮರಣೆ ಉಂಟಾಯಿತು. ಭಗವಾನ್ ಮಹಾವೀರರ ಸಮವಸರಣ ರಾಜಗೃಹಕ್ಕೆ ಬಂದಿತೆಂಬ ವಾರ್ತೆ ಕೇಳಿ ಊರಿಗೆ ಊರೇ ಹೊರಟಾಗ, ಕಪ್ಪೆಯೂ ಬಾಯಲ್ಲಿ ಕಮಲವೊಂದನ್ನು ಕಚ್ಚಿಕೊಂಡು ಕುಪ್ಪಳಿಸುತ್ತ ಹೊರಟಿತು. ದಾರಿಯಲ್ಲಿ ಶ್ರೇಣಿಕ ಮಹಾರಾಜನ ಆನೆಯ ಕಾಲಿಗೆ ಸಿಕ್ಕಿ ಪ್ರಾಣ ಬಿಟ್ಟಿತು; ಪೂಜೆಯ ಭಾವದಲ್ಲಿಯೇ ಅಳಿದುದರಿಂದ ಸೌಧರ್ಮ ಸ್ವರ್ಗದಲ್ಲಿ ದೇವನಾಗಿ ಜನಿಸಿತು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಜಿನಪೂಜೆಯ ಮಹಿಮೆಗೆ ಉದಾಹರಣೆಯಾಗಿ ಎತ್ತಿ ತೋರಿಸಿರುವುದು ಆನೆಯ ಮೇಲಿದ್ದ ಅರಸನನ್ನಲ್ಲ, ಆನೆಯ ಕಾಲ ಕೆಳಗಿದ್ದ ಈ ಕಪ್ಪೆಯನ್ನು.

ಈ ಪಂಚೇಂದ್ರಿಯ ಜೀವಿಯೇ ಇಪ್ಪತ್ತನೆಯ ಶತಮಾನದ ಬಹುಕಾಲ ಭಾರತದ ಜೀವಶಾಸ್ತ್ರ ತರಗತಿಗಳಲ್ಲಿ ಮೇಣದ ತಟ್ಟೆಯ ಮೇಲೆ ಅಂಗಾತವಾಗಿ ಮಲಗಿತ್ತು. ಗದ್ದೆ ಕೆರೆಗಳಿಂದ ಹಿಡಿದು ತಂದ ಕಪ್ಪೆಗಳನ್ನು ಕ್ಲೋರೋಫಾರ್ಮಿನ ಜಾಡಿಯಲ್ಲಿ ಹಾಕಿ, ಕಾಲುಗಳಿಗೆ ಗುಂಡುಸೂಜಿ ಚುಚ್ಚಿ, ಹೊಟ್ಟೆಯನ್ನು ಸೀಳಿ, ಇನ್ನೂ ಮಿಡಿಯುತ್ತಿರುವ ಹೃದಯವನ್ನು ವಿದ್ಯಾರ್ಥಿಗಳಿಗೆ ತೋರಿಸುವುದು ಪಾಠದ ಒಂದು ಭಾಗವಾಗಿತ್ತು. ಎರೆಹುಳು, ಜಿರಲೆಗಳಂಥ ವಿಕಲೇಂದ್ರಿಯ ಜೀವಿಗಳಿಗೂ ಇದೇ ಗತಿ. ಇದಕ್ಕೆ ಡಿಸೆಕ್ಷನ್, ಎಂದರೆ ಛೇದನ ಪ್ರಯೋಗ ಎಂದು ಹೆಸರು. ಇಂದು ಅನೇಕ ವಿದ್ಯಾಲಯಗಳಲ್ಲಿ ಅದರ ಸ್ಥಾನಕ್ಕೆ ಗಣಕಯಂತ್ರದ ಅನುಕರಣ ಪ್ರಯೋಗ, ಅಂದರೆ ಸಿಮ್ಯುಲೇಷನ್ ಬಂದಿದೆ. ಪರದೆಯ ಮೇಲೆ ಕಪ್ಪೆಯ ಚಿತ್ರ ಮೂಡುತ್ತದೆ. ವಿದ್ಯಾರ್ಥಿಯು ಮೌಸನ್ನು ಆಡಿಸಿ ಚರ್ಮದ ಪದರವನ್ನು ಸರಿಸುತ್ತಾನೆ. ಕೆಳಗೆ ಸ್ನಾಯು, ಅದರ ಕೆಳಗೆ ಯಕೃತ್ತು, ಹೃದಯ, ಕರುಳು ಕಾಣುತ್ತವೆ. ಪಾಠ ಮುಗಿದ ಮೇಲೆ ಒಂದು ಗುಂಡಿ ಒತ್ತಿದರೆ ಕಪ್ಪೆ ಮತ್ತೆ ಮೊದಲಿನಂತಾಗುತ್ತದೆ.

ಯಾವ ಜೀವವೂ ಸಾಯದ ಈ ವಿಧಾನವು ಶ್ರಾವಕರಿಗೆ ಸಂತೋಷ ತರುವುದು ಸಹಜ. ಆದರೆ ಜೈನ ಸಾಹಿತ್ಯವನ್ನು ಬಲ್ಲವರ ಮನಸ್ಸಿನಲ್ಲಿ ಅದರ ಜೊತೆಗೇ ಒಂದು ಸಂದೇಹವೂ ಏಳಬೇಕು. ಯಶೋಧರ ಮಹಾರಾಜನು ಕಡಿದುದೂ ಜೀವವಿಲ್ಲದ ಹಿಟ್ಟಿನ ಕೋಳಿಯನ್ನೇ ಅಲ್ಲವೇ? ಅದಕ್ಕಾಗಿ ಅವನು ಜನ್ಮಜನ್ಮಾಂತರಗಳಲ್ಲಿ ತೊಳಲಿದನಲ್ಲವೇ? ಹಾಗಾದರೆ ಪರದೆಯ ಮೇಲಿನ ಕಪ್ಪೆಯನ್ನು ಸೀಳುವ ಬಾಲಕನಿಗೆ ದೋಷವಿಲ್ಲವೆಂದು ಹೇಳುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು, ಜೀವಂತ ಕಪ್ಪೆಯು ತರಗತಿಯಿಂದ ಹೊರಗೆ ಬಂದ ಬಗೆಯನ್ನು ತಿಳಿಯುವುದು ಅವಶ್ಯ.

ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಗಟ್ಟುವ ಅಧಿನಿಯಮವು 1960ರಲ್ಲಿ ಸಂಸತ್ತಿನ ಅಂಗೀಕಾರ ಪಡೆಯಿತು. ಅದರ 17ನೆಯ ಪ್ರಕರಣದಲ್ಲಿ ಎರಡು ಮಾತುಗಳಿವೆ. ಪುಸ್ತಕ, ಮಾದರಿ, ಚಲನಚಿತ್ರ ಮುಂತಾದ ಬೋಧನ ಸಾಧನಗಳಿಂದ ಅಷ್ಟೇ ಪ್ರಯೋಜನವಾಗುವುದಾದರೆ ವಿದ್ಯಾಲಯಗಳಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗವನ್ನು ತಪ್ಪಿಸಬೇಕೆಂಬುದು ಒಂದು. ಕೇವಲ ಕೈಚಳಕ ಸಂಪಾದಿಸುವುದಕ್ಕಾಗಿ ಅಂಥ ಪ್ರಯೋಗ ಮಾಡಬಾರದೆಂಬುದು ಇನ್ನೊಂದು. ತರಗತಿಯಲ್ಲಿ ಗಣಕಯಂತ್ರವಿಲ್ಲದ ಕಾಲದಲ್ಲಿಯೇ ದೇಶದ ಕಾನೂನು ಇಷ್ಟನ್ನು ಹೇಳಿತ್ತು. ಆದರೆ ಪಠ್ಯಕ್ರಮವು ಕಾನೂನಿನ ಈ ಮಾತಿಗೆ ಕಿವಿಗೊಡಲು ಅರ್ಧ ಶತಮಾನ ಹಿಡಿಯಿತು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2011ರಲ್ಲಿ ಛೇದನ ಪ್ರಯೋಗಗಳನ್ನು ಹಂತಹಂತವಾಗಿ ಕೈಬಿಡುವಂತೆ ಮಾರ್ಗಸೂಚಿ ಹೊರಡಿಸಿತು. 2014ರಲ್ಲಿ ಸ್ನಾತಕ ಮತ್ತು ಸ್ನಾತಕೋತ್ತರ ಪ್ರಾಣಿಶಾಸ್ತ್ರ ಬೋಧನೆಯಲ್ಲಿ ಅವುಗಳನ್ನು ಪೂರ್ಣವಾಗಿ ನಿಲ್ಲಿಸುವಂತೆ ತಿಳಿಸಿತು. ಅದೇ ವರ್ಷ ಭಾರತೀಯ ವೈದ್ಯಕೀಯ ಪರಿಷತ್ತು ಕೂಡ ವೈದ್ಯ ವಿದ್ಯಾರ್ಥಿಗಳ ಪ್ರಯೋಗಶಾಲೆಯಲ್ಲಿ ಪ್ರಾಣಿಗಳ ಬದಲಿಗೆ ಗಣಕಯಂತ್ರದ ಪಾಠಗಳಿಗೆ ಎಡೆ ಮಾಡಿಕೊಟ್ಟಿತು.

ಈ ಬದಲಾವಣೆಗೆ ಬೇಕಾದ ಸಾಧನಗಳು ಹೊರದೇಶಗಳಿಂದ ಮಾತ್ರ ಬಂದವುಗಳಲ್ಲ. ಪುದುಚೇರಿಯ ಜಿಪ್ಮರ್ ಸಂಸ್ಥೆಯಲ್ಲಿ ರೂಪುಗೊಂಡ 'ಎಕ್ಸ್‌ಫಾರ್ಮ್' ಎಂಬ ಕಾರ್ಯಕ್ರಮದಲ್ಲಿ ಔಷಧವು ಕಪ್ಪೆಯ ಹೃದಯದ ಮೇಲೆ, ಮೊಲದ ಕಣ್ಣಿನ ಮೇಲೆ ಬೀರುವ ಪರಿಣಾಮವನ್ನು ವಿದ್ಯಾರ್ಥಿಯು ಪರದೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಅಮೃತ ವಿಶ್ವ ವಿದ್ಯಾಪೀಠ ಮತ್ತು ಮುಂಬಯಿಯ ಸಿ-ಡ್ಯಾಕ್ ಸಂಸ್ಥೆಗಳು ಸೇರಿ ಶಾಲಾ ಮಕ್ಕಳಿಗಾಗಿ 'ಓಲ್ಯಾಬ್ಸ್' ಎಂಬ ಪ್ರಯೋಗಪಾಠಗಳನ್ನು ರಚಿಸಿವೆ. ಆದುದರಿಂದ ಬದಲಿ ವ್ಯವಸ್ಥೆ ಇಲ್ಲವೆಂಬ ನೆಪ ಇಂದು ಯಾವ ವಿದ್ಯಾಲಯಕ್ಕೂ ಉಳಿದಿಲ್ಲ.

ಈ ಕರುಣೆ ಯಾವುದೋ ಒಂದು ಸಮಾಜದ ಸ್ವತ್ತೂ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1987ರಲ್ಲಿ ಪ್ರೌಢಶಾಲೆಯ ವಿದ್ಯಾರ್ಥಿನಿಯೊಬ್ಬಳು ಕಪ್ಪೆಯನ್ನು ಸೀಳಲು ಒಪ್ಪದೆ ನ್ಯಾಯಾಲಯದ ಮೆಟ್ಟಿಲು ಹತ್ತಿದಳು. ಮರುವರ್ಷ ಆ ರಾಜ್ಯವು ಅಂಥ ವಿದ್ಯಾರ್ಥಿಗಳಿಗೆ ಬೇರೆ ಮಾರ್ಗದಿಂದ ಕಲಿಯುವ ಹಕ್ಕನ್ನು ಕೊಡುವ ಕಾನೂನನ್ನು ಮಾಡಿತು. ಇತ್ತ ಜೈನರ ಹಲವು ಮನೆಗಳಲ್ಲಿ ಜೀವಶಾಸ್ತ್ರದಲ್ಲಿ ಆಸಕ್ತಿಯಿದ್ದ ಮಕ್ಕಳನ್ನು ಹಿರಿಯರು ಈ ಕಾರಣಕ್ಕಾಗಿಯೇ ವಾಣಿಜ್ಯ ವಿಭಾಗಕ್ಕೆ ಸೇರಿಸಿದರು. ಬೇರೆ ಹಲವರು ವೈದ್ಯರಾಗುವ ಆಸೆಯಿಂದ ಮನಸ್ಸನ್ನು ಗಟ್ಟಿಮಾಡಿಕೊಂಡು, ಪ್ರಯೋಗದ ದಿನ ಸಂಜೆ ಬಸದಿಯಲ್ಲಿ ಕುಳಿತು ಜಪ ಮಾಡಿ ಸಮಾಧಾನ ತಂದುಕೊಂಡರು. ಶಾಲೆಯೊಂದು ಹುಡುಗಿಯ ಕಡೆಯಿಂದ ನ್ಯಾಯಾಲಯದವರೆಗೆ ಹೋದ ಮಾತನ್ನು ಅಹಿಂಸೆಯನ್ನೇ ಪರಮಧರ್ಮವೆಂದು ಸಾರುವ ಸಮಾಜವು ಮನೆಯೊಳಗೇ ನುಂಗಿಕೊಂಡಿತು ಎಂಬುದನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಹೀಗೆ ನುಂಗಿಕೊಂಡುದಕ್ಕೆ ದೋಷವಿಲ್ಲವೆಂದು ಶಾಸ್ತ್ರ ಹೇಳುವುದಿಲ್ಲ. ಆಸ್ರವದ ಲೆಕ್ಕವನ್ನು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಬಲು ಸೂಕ್ಷ್ಮವಾಗಿ ಇಟ್ಟಿದ್ದಾರೆ. ಸಂರಂಭ, ಸಮಾರಂಭ, ಆರಂಭ ಎಂದು ಮೂರು. ಮನ, ವಚನ, ಕಾಯ ಎಂದು ಮೂರು. ಕೃತ, ಕಾರಿತ, ಅನುಮತ ಎಂದು ಮೂರು. ಕ್ರೋಧ, ಮಾನ, ಮಾಯೆ, ಲೋಭ ಎಂದು ನಾಲ್ಕು. ಇವನ್ನು ಗುಣಿಸಿದರೆ 108. ಕಪ್ಪೆಯನ್ನು ಸೀಳಿದ ವಿದ್ಯಾರ್ಥಿಯದು ಕೃತ. ಕಪ್ಪೆಗಳನ್ನು ತರಿಸಿ ಸೀಳಿಸಿದ ಅಧ್ಯಾಪಕ ಮತ್ತು ಆಡಳಿತ ಮಂಡಳಿಯದು ಕಾರಿತ. ಪ್ರಯೋಗ ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದಿತೆಂದು ಹಿಗ್ಗಿದ ಪಾಲಕನದು ಅನುಮತ. ಚಾಕುವನ್ನು ಮುಟ್ಟದ ಕೈಗೂ ಈ ಲೆಕ್ಕದ ಪುಸ್ತಕದಲ್ಲಿ ಒಂದು ಖಾತೆಯಿದೆ.

ಈಗ ಹಿಟ್ಟಿನ ಕೋಳಿಯ ಪ್ರಶ್ನೆಗೆ ಬರಬಹುದು. ಸೋಮದೇವಸೂರಿಗಳು 959ರಲ್ಲಿ ಸಂಸ್ಕೃತದ ಯಶಸ್ತಿಲಕದಲ್ಲಿಯೂ ಕವಿಚಕ್ರವರ್ತಿ ಜನ್ನನು 1209ರಲ್ಲಿ ಕನ್ನಡದ ಯಶೋಧರ ಚರಿತೆಯಲ್ಲಿಯೂ ಹೇಳಿದ ಕಥೆಯ ತಿರುಳು ವಾಚಕರಿಗೆ ತಿಳಿದದ್ದೇ. ರಾಣಿಯ ದುರ್ನಡತೆಯಿಂದ ನೊಂದ ಯಶೋಧರನು ತಾಯಿ ಚಂದ್ರಮತಿಗೆ ದುಃಸ್ವಪ್ನ ಕಂಡೆನೆಂದು ಹೇಳುತ್ತಾನೆ. ತಾಯಿಯು ಶಾಂತಿಗಾಗಿ ದೇವಿಗೆ ಪ್ರಾಣಿಬಲಿ ಕೊಡಬೇಕೆನ್ನುತ್ತಾಳೆ, ಮಗನು ಒಪ್ಪುವುದಿಲ್ಲ. ಕೊನೆಗೆ ಹಿಟ್ಟಿನಿಂದ ಮಾಡಿದ ಕೋಳಿಯನ್ನು ಬಲಿ ಕೊಡುವುದೆಂದು ತಾಯಿ ಮಗನ ನಡುವೆ ರಾಜಿಯಾಗುತ್ತದೆ. ಕತ್ತಿ ಬೀಸಿದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ಮುಂದೆ ಮಗನು ನವಿಲಾಗಿ, ತಾಯಿಯು ನಾಯಿಯಾಗಿ ಹುಟ್ಟುವುದರಿಂದ ತೊಡಗಿ ಇಬ್ಬರೂ ತಿರ್ಯಂಚ ಗತಿಯಲ್ಲಿ ಅನೇಕ ಭವಗಳ ನೋವನ್ನು ಉಣ್ಣುತ್ತಾರೆ.

ಇಲ್ಲಿ ದ್ರವ್ಯಹಿಂಸೆ ಇಲ್ಲ, ಹಿಟ್ಟಿಗೆ ಪ್ರಾಣವಿರಲಿಲ್ಲ. ಇದ್ದುದು ಭಾವಹಿಂಸೆ. ಯಶೋಧರನು ಹಿಟ್ಟಿನ ಮುದ್ದೆಯನ್ನು ಹಿಟ್ಟೆಂದು ತಿಳಿದು ಕತ್ತರಿಸಲಿಲ್ಲ, ಕೋಳಿಯೆಂದು ಸಂಕಲ್ಪಿಸಿ ಕಡಿದನು. ಜೀವಂತ ಕೋಳಿಯ ಬಲಿಯಿಂದ ಯಾವ ಫಲವನ್ನು ಬಯಸಬಹುದೋ ಅದೇ ಫಲವನ್ನು ಇದರಿಂದಲೂ ಬಯಸಿದನು. ಪ್ರಮಾದದಿಂದ ಕೂಡಿದ ಮನ ವಚನ ಕಾಯಗಳಿಂದ ಪ್ರಾಣಕ್ಕೆ ಘಾತ ಮಾಡುವುದು ಹಿಂಸೆಯೆಂದು ಉಮಾಸ್ವಾಮಿಗಳು ಹೇಳಿದರೆ, ರಾಗಾದಿ ಭಾವಗಳು ಹುಟ್ಟದಿರುವುದೇ ಅಹಿಂಸೆಯೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ವಿವರಿಸಿದ್ದಾರೆ. ಒಬ್ಬನು ಹಿಂಸೆಯನ್ನು ಮಾಡದೆಯೂ ಅದರ ಫಲವನ್ನು ಉಣ್ಣಬಹುದು. ಇನ್ನೊಬ್ಬನ ಕೈಯಿಂದ ಜೀವಹಾನಿಯಾದರೂ ಆ ಫಲ ತಟ್ಟದಿರಬಹುದು ಎಂಬುದು ಅವರ ಅಭಿಪ್ರಾಯ. ಮಹಾಮತ್ಸ್ಯದ ಕಿವಿಯಲ್ಲಿ ವಾಸಿಸುವ ಅಕ್ಕಿಕಾಳಿನಷ್ಟು ಸಣ್ಣ ಮೀನು, ಒಂದು ಜೀವಿಯನ್ನೂ ಕೊಲ್ಲದೆ, 'ತಾನಾಗಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲ' ಎಂದು ನೆನೆದಷ್ಟಕ್ಕೇ ನರಕಕ್ಕೆ ಹೋದ ಕಥೆಯೂ ಇದನ್ನೇ ಹೇಳುತ್ತದೆ.

ಈ ದೃಷ್ಟಿಯಿಂದ ನೋಡಿದರೆ ಯಾವುದೇ ಅನುಕರಣ ಪ್ರಯೋಗಕ್ಕೆ ಮೂರು ಪ್ರಶ್ನೆಗಳನ್ನು ಕೇಳಬೇಕು. ಆ ಪ್ರತಿಕೃತಿಯನ್ನು ಏತಕ್ಕಾಗಿ ಮಾಡಲಾಯಿತು? ಅದನ್ನು ಬಳಸುವವನ ಮನಸ್ಸು ಏನನ್ನು ಬಯಸುತ್ತದೆ? ಬಳಸಿದ ಮೇಲೆ ಮನಸ್ಸಿನಲ್ಲಿ ಉಳಿಯುವುದೇನು?

ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ. ಹಿಟ್ಟಿನ ಕೋಳಿಯನ್ನು ಮಾಡಿದ್ದು ಕೊಲ್ಲುವುದಕ್ಕಾಗಿ. ಪರದೆಯ ಕಪ್ಪೆಯನ್ನು ಮಾಡಿದ್ದು ಇನ್ನೊಂದು ಕಪ್ಪೆಯನ್ನು ಕೊಲ್ಲಬಾರದೆಂದು. ಒಂದರಲ್ಲಿ ಕೊಲ್ಲುವ ಸಂಕಲ್ಪಕ್ಕೆ ಪ್ರತಿಕೃತಿಯು ಮರೆಯಾಯಿತು; ಇನ್ನೊಂದರಲ್ಲಿ ಉಳಿಸುವ ಸಂಕಲ್ಪಕ್ಕೆ ಪ್ರತಿಕೃತಿಯು ಸಾಧನವಾಯಿತು. ಎರಡನೆಯದಕ್ಕೂ ಉತ್ತರ ಬಹುಮಟ್ಟಿಗೆ ನಿರ್ದೋಷವೇ. ವಿದ್ಯಾರ್ಥಿಯು ಬಯಸುವುದು ಶರೀರರಚನೆಯ ಜ್ಞಾನವನ್ನು. ಜ್ಞಾನಾರ್ಜನೆಯ ಭಾವ ಇರುವವರೆಗೆ ಯಶೋಧರನ ದೋಷ ಅವನಿಗೆ ಅಂಟಲಾರದು.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಪರದೆಯ ಕಪ್ಪೆಯ ಚಿತ್ರವನ್ನು ಸಿದ್ಧಪಡಿಸಲು ಎಲ್ಲಿಯೋ ಒಂದು ನಿಜವಾದ ಕಪ್ಪೆಯನ್ನು ಸೀಳಿ ಛಾಯಾಚಿತ್ರ ತೆಗೆದಿರಬಹುದಲ್ಲ ಎಂಬುದು ಮೊದಲನೆಯ ಆಕ್ಷೇಪ. ಆ ಸಂಭವವಿದೆ. ಲೆಕ್ಕಕ್ಕಾಗಿ ಒಂದು ಕಾಲೇಜನ್ನು ತೆಗೆದುಕೊಂಡರೆ, ತರಗತಿಯಲ್ಲಿ 60 ವಿದ್ಯಾರ್ಥಿಗಳು, ಒಬ್ಬೊಬ್ಬರಿಗೆ ವರ್ಷಕ್ಕೆ ಎರಡು ಕಪ್ಪೆ ಎಂದಾದರೆ 30 ವರ್ಷಗಳಲ್ಲಿ 3,600 ಕಪ್ಪೆಗಳು ಸಾಯುತ್ತವೆ. ಅದರ ಎದುರಿಗೆ ಒಂದು ಕಪ್ಪೆ ಎಂಬುದು ಬಹಳ ಸಣ್ಣ ಮೊತ್ತ. ಆದರೆ ವ್ಯಾಪಾರ ಬಲ್ಲವರಿಗೆ ಒಂದು ಮಾತು ಗೊತ್ತಿರುತ್ತದೆ: ಸಾಲ ಕಡಿಮೆಯಾದುದು ಬೇರೆ, ಸಾಲ ತೀರಿದುದು ಬೇರೆ. ಕಡಿಮೆಯಾದ ಹಿಂಸೆಯನ್ನೇ ಅಹಿಂಸೆಯೆಂದು ಬರೆದುಕೊಂಡರೆ ಲೆಕ್ಕ ತಪ್ಪುತ್ತದೆ. ಕೈಯಿಂದ ಬರೆದ ಚಿತ್ರಗಳಿಂದ, ತಾನಾಗಿ ಸತ್ತ ಪ್ರಾಣಿಯ ಚಿತ್ರಗಳಿಂದ, ಈಗಾಗಲೇ ಇರುವ ಗ್ರಂಥಗಳ ಆಧಾರದಿಂದ ರಚಿಸಿದ ಪಾಠಗಳು ಸಿಗುವುದಾದರೆ ಅವನ್ನೇ ಆರಿಸುವುದು ವಿವೇಕ. ಕೊಳ್ಳುವವನು ಕೇಳಿದರೆ ಮಾತ್ರ ಮಾರುವವನು ಹೇಳುತ್ತಾನೆ.

ಎರಡನೆಯ ಆಕ್ಷೇಪವು ಪ್ರಾಣಿಶಾಸ್ತ್ರದ ಅಧ್ಯಾಪಕರದು. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಗಣಕಯಂತ್ರದ ಕಪ್ಪೆ ಸತ್ಯವಲ್ಲ ಎನ್ನುತ್ತಾರೆ ಅವರು. ಅದು ಯಾವಾಗಲೂ ಒಂದೇ ರೀತಿ. ನಿಸರ್ಗದಲ್ಲಿ ಒಂದು ಕಪ್ಪೆಯಂತೆ ಇನ್ನೊಂದು ಇರುವುದಿಲ್ಲ. ರಕ್ತನಾಳದ ಮೃದುತ್ವವಾಗಲಿ, ಚರ್ಮದ ಬಿಗಿಯಾಗಲಿ ಬೆರಳಿಗೆ ತಿಳಿಯುವುದಿಲ್ಲ. ಇದು ನಿಜ. ಇದಕ್ಕೆ ಸಮಾಧಾನವು ಅನೇಕಾಂತದಲ್ಲಿಯೇ ಇದೆ. ವಸ್ತುವು ಅನಂತ ಧರ್ಮಾತ್ಮಕವಾದುದು. ಅದರ ಒಂದು ಧರ್ಮವನ್ನು ಹಿಡಿದು ತೋರಿಸುವುದು ನಯ. ಪರದೆಯ ಕಪ್ಪೆ ಒಂದು ನಯ ಮಾತ್ರ. ಅವಯವಗಳ ಸ್ಥಾನ, ಅವುಗಳ ಪರಸ್ಪರ ಸಂಬಂಧ ಇವನ್ನು ಅದು ಚೆನ್ನಾಗಿ ತೋರಿಸುತ್ತದೆ, ಉಳಿದುದನ್ನು ತೋರಿಸುವುದಿಲ್ಲ. ಆ ನಯವನ್ನೇ ಪೂರ್ಣ ಸತ್ಯವೆಂದು ಬೋಧಿಸಿದರೆ ಅದು ನಯಾಭಾಸವಾಗುತ್ತದೆ. ಆದರೆ ಸೀಳಿದ ಕಪ್ಪೆಯೂ ಒಂದು ನಯವೇ ಎಂಬುದನ್ನು ಮರೆಯಬಾರದು. ಕ್ಲೋರೋಫಾರ್ಮಿನಿಂದ ಸತ್ತು ತಟ್ಟೆಯಲ್ಲಿ ಬಿದ್ದ ಶರೀರವು, ಮಳೆಗಾಲದ ರಾತ್ರಿ ವಟಗುಟ್ಟಿ, ಮೊಟ್ಟೆಯಿಟ್ಟು, ಕೀಟಗಳನ್ನು ಹಿಡಿದು ಬಾಳುವ ಜೀವಿಯ ಪೂರ್ಣ ಸತ್ಯವನ್ನು ಹೇಳೀತೇ?

ಶಸ್ತ್ರವೈದ್ಯರ ಕೈ ಪಳಗಲು ಕಪ್ಪೆ ಬೇಕೆಂಬ ವಾದವೂ ನಿಲ್ಲುವುದಿಲ್ಲ. ವೈದ್ಯ ವಿದ್ಯಾರ್ಥಿಯು ಮಾನವ ಶರೀರರಚನೆಯನ್ನು ಕಲಿಯುವುದು ಮೃತದೇಹಗಳಿಂದ. ಸ್ವಇಚ್ಛೆಯಿಂದ ದೇಹದಾನ ಮಾಡಿದವರು ಅಲ್ಲಿ ಅವನಿಗೆ ಗುರುವಾಗುತ್ತಾರೆ. ಶಸ್ತ್ರಕ್ರಿಯೆಯನ್ನು ಕಲಿಯುವುದು ಹಿರಿಯ ವೈದ್ಯರ ಪಕ್ಕದಲ್ಲಿ ನಿಂತು. ವಿಮಾನ ಚಾಲಕನು ಮೊದಲು ನೆಲದ ಮೇಲಿನ ಅನುಕರಣ ಯಂತ್ರದಲ್ಲಿ ಪಳಗಿ, ಅನಂತರ ಅನುಭವಿಯ ಜೊತೆ ಆಕಾಶಕ್ಕೆ ಏರುವಂತೆ ಇದೂ ಕ್ರಮವಾಗಿ ನಡೆಯುವ ಕಲಿಕೆ. ಅಲ್ಲದೆ ತರಗತಿಯ ಪ್ರಯೋಗದ ಫಲಿತಾಂಶವು ಮೊದಲೇ ಗೊತ್ತಿರುವಂಥದು. ಕಪ್ಪೆಯ ಹೃದಯಕ್ಕೆ ಮೂರು ಕೋಣೆಗಳೆಂಬುದು ಪಠ್ಯಪುಸ್ತಕದಲ್ಲಿ ಅಚ್ಚಾಗಿದೆ. ಅಚ್ಚಾದ ಮಾತನ್ನು ಮತ್ತೆ ಓದುವುದಕ್ಕಾಗಿ ಒಂದು ಪಂಚೇಂದ್ರಿಯ ಜೀವವನ್ನು ತೆಗೆಯುವುದು ಸಂಕಲ್ಪಿ ಹಿಂಸೆಯ ಸಾಲಿಗೆ ಸೇರುತ್ತದೆಯೇ ಹೊರತು, ಗೃಹಸ್ಥನಿಗೆ ಅನಿವಾರ್ಯವಾದ ಆರಂಭಿ ಅಥವಾ ಉದ್ಯೋಗಿ ಹಿಂಸೆಯ ಸಾಲಿಗಲ್ಲ.

ಇನ್ನುಳಿದುದು ಮೂರನೆಯ ಪ್ರಶ್ನೆ: ಪಾಠ ಮುಗಿದ ಮೇಲೆ ಮನಸ್ಸಿನಲ್ಲಿ ಏನು ಉಳಿಯುತ್ತದೆ? ಇದೇ ಎಲ್ಲಕ್ಕಿಂತ ಕಠಿಣವಾದುದು.

ಹಿಂದಿನ ಪ್ರಯೋಗಶಾಲೆಯಲ್ಲಿ ಪಾಪವಿತ್ತು, ಆದರೆ ಅದರ ಅರಿವೂ ಇತ್ತು. ಮೊದಲ ದಿನ ವಿದ್ಯಾರ್ಥಿಯ ಕೈ ನಡುಗುತ್ತಿತ್ತು. ಕೆಲವರು ಹೊರಗೆ ಹೋಗಿ ಅತ್ತರು, ಕೆಲವರು ಆ ದಿನ ಊಟ ಬಿಟ್ಟರು. ಆ ನಡುಕವೇ ಅವರ ಆತ್ಮವು ಇನ್ನೂ ಎಚ್ಚರವಾಗಿದೆ ಎಂಬುದಕ್ಕೆ ಸಾಕ್ಷಿ. ಪರದೆಯ ಕಪ್ಪೆಯ ಮುಂದೆ ಯಾರ ಕೈಯೂ ನಡುಗುವುದಿಲ್ಲ. ನಡುಗಬೇಕಾದ ಕಾರಣವೂ ಇಲ್ಲ. ಗುಂಡಿ ಒತ್ತಿದರೆ ಕಪ್ಪೆ ಮತ್ತೆ ಎದ್ದು ಕೂರುತ್ತದೆ. ಆದರೆ ಜೀವವೆಂಬುದು ಹೀಗೆ ಮತ್ತೆ ಎಬ್ಬಿಸಬಹುದಾದ ವಸ್ತುವೆಂಬ ಭಾವನೆ ಎಳೆಯ ಮನಸ್ಸಿನಲ್ಲಿ ಬೇರೂರಿದರೆ? ಕತ್ತರಿಸುವುದು ಒಂದು ಆಟವಾಗಿ, ಸಹಪಾಠಿಗಳು ಪರದೆಯ ಸುತ್ತ ನೆರೆದು ನಗುತ್ತ, ಯಾರು ಬೇಗ ಸೀಳಿದರೆಂದು ಪಂಥ ಕಟ್ಟಿದರೆ? ಆ ಗಳಿಗೆಯಲ್ಲಿ ಪರದೆಯ ಕಪ್ಪೆಯು ಹಿಟ್ಟಿನ ಕೋಳಿಯಾಗಿಬಿಡುತ್ತದೆ. ಜ್ಞಾನದ ಬಯಕೆ ಹೋಗಿ ಕೊಲ್ಲುವ ಸುಖ ಬಂದಲ್ಲಿ ದ್ರವ್ಯದಲ್ಲಿ ಇಲ್ಲದ ಹಿಂಸೆಯು ಭಾವದಲ್ಲಿ ಹುಟ್ಟುತ್ತದೆ. ಕೈ ತೊಳೆದುಕೊಳ್ಳಬೇಕಾದ ರಕ್ತವಿಲ್ಲದ ಕಾರಣ ಅದನ್ನು ಗುರುತಿಸುವುದೂ ಕಷ್ಟ.

ಹಾಗೆಂದು ಜೀವಂತ ಕಪ್ಪೆಯ ಕಾಲಕ್ಕೆ ಹಿಂದಿರುಗಬೇಕೆಂದು ಯಾರೂ ಹೇಳಲಾರರು. ಒಬ್ಬನ ಕರುಣೆ ಎಚ್ಚರಗೊಳ್ಳಲು ಇನ್ನೊಂದು ಜೀವವು ಸಾಯಬೇಕೆಂಬುದು ಧರ್ಮವಾಗದು. ಗಣಕಯಂತ್ರವು ಕೊಲೆಯನ್ನು ತಪ್ಪಿಸಬಲ್ಲದು, ಕರುಣೆಯನ್ನು ಕಲಿಸಲಾರದು. ಇಷ್ಟನ್ನು ತಿಳಿದರೆ ಸಾಕು. ಮೊದಲನೆಯದನ್ನು ಯಂತ್ರಕ್ಕೆ ಒಪ್ಪಿಸಿದ ಸಮಾಜವು ಎರಡನೆಯದನ್ನು ತಾನೇ ವಹಿಸಿಕೊಳ್ಳಬೇಕು. ಅಧ್ಯಾಪಕರು ಪಾಠದ ಮೊದಲಿಗೆ ಎರಡು ನಿಮಿಷ ತೆಗೆದುಕೊಂಡು, ಈ ಚಿತ್ರದ ಹಿಂದೆ ಒಂದು ಜೀವಜಾತಿಯಿದೆ, ಅದಕ್ಕೂ ನೋವಿದೆ, ಅದನ್ನು ಉಳಿಸುವುದಕ್ಕಾಗಿ ಈ ಚಿತ್ರ ಬಂದಿದೆ ಎಂದು ಹೇಳಿದರೆ ಮಕ್ಕಳ ಭಾವ ಬೇರೆಯಾದೀತು. ಮನೆಯಲ್ಲಿ ತಂದೆ ತಾಯಂದಿರು ಅಂಕಗಳನ್ನು ಕೇಳುವುದರ ಜೊತೆಗೆ, ಆ ಪಾಠ ನೋಡುವಾಗ ಮನಸ್ಸಿಗೆ ಏನೆನಿಸಿತೆಂದು ಒಮ್ಮೆ ಕೇಳಬಹುದು.

ಬಸದಿಗಳ ಆಡಳಿತ ಮಂಡಳಿಗಳಿಗೂ ಜೈನ ವಿದ್ಯಾಸಂಸ್ಥೆಗಳನ್ನು ನಡೆಸುವವರಿಗೂ ಇದರಲ್ಲಿ ಪಾಲಿದೆ. ಹಣವಿಲ್ಲದ ಗ್ರಾಮಾಂತರ ಶಾಲೆಗಳಿಗೆ ಗಣಕಯಂತ್ರವನ್ನೂ ಪ್ರಯೋಗಪಾಠಗಳನ್ನೂ ಒದಗಿಸುವುದು ಜ್ಞಾನದಾನವೂ ಹೌದು, ಅಭಯದಾನವೂ ಹೌದು. ಒಂದೇ ಖರ್ಚಿನಲ್ಲಿ ಎರಡು ದಾನಗಳು ಒದಗುವ ಸಂದರ್ಭ ಅಪರೂಪ. ಅದಕ್ಕಿಂತ ಸುಲಭವಾದ ಇನ್ನೊಂದು ಕಾರ್ಯವೂ ಇದೆ. ಅನೇಕ ಬಸದಿಗಳ ಬಳಿ ಕೊಳಗಳಿವೆ; ಶ್ರವಣಬೆಳಗೊಳವು ತನ್ನ ಹೆಸರನ್ನು ಪಡೆದಿರುವುದೇ ಬಿಳಿಯ ಕೊಳದಿಂದ. ಇಂಥ ಕೊಳಗಳನ್ನು ಕಸ, ಪ್ಲಾಸ್ಟಿಕ್‌ಗಳಿಂದ ಕಾಪಾಡಿದರೆ ಮಳೆಗಾಲದಲ್ಲಿ ಅಲ್ಲಿ ಕಪ್ಪೆಗಳು ಬದುಕುತ್ತವೆ. ಕಪ್ಪೆಗಳು ಕಡಿಮೆಯಾದರೆ ಬೆಳೆಯ ಕೀಟಗಳು ಹೆಚ್ಚುವುವೆಂಬ ಆತಂಕವೂ ಸೇರಿ, ಭಾರತ ಸರ್ಕಾರವು 1987ರಲ್ಲಿ ಕಪ್ಪೆಕಾಲಿನ ರಫ್ತನ್ನು ನಿಷೇಧಿಸಿದುದನ್ನು ಇಲ್ಲಿ ನೆನೆಯಬಹುದು. ಪರದೆಯ ಮೇಲೆ ಒಳಗಿನ ಅವಯವಗಳನ್ನು ಕಂಡ ಮಕ್ಕಳನ್ನು ಒಂದು ಸಂಜೆ ಕೊಳದ ಮೆಟ್ಟಿಲಿಗೆ ಕರೆತಂದು, ಗೊದಮೊಟ್ಟೆಯು ಕಪ್ಪೆಯಾಗುವುದನ್ನು ದಿನದಿನವೂ ತೋರಿಸಿದರೆ, ಒಂದು ನಯಕ್ಕೆ ಇನ್ನೊಂದು ನಯ ಸೇರಿ ಜ್ಞಾನವು ಪೂರ್ಣತೆಯ ಕಡೆಗೆ ಸಾಗುತ್ತದೆ.

ಅಂಥ ಒಂದು ಕೊಳದ ದಡದಲ್ಲಿ ಮಗುವೊಂದು ಕಪ್ಪೆಯನ್ನು ನೋಡುತ್ತ ಕುಳಿತಾಗ, ಮನೆಯ ಹಿರಿಯರು ರಾಜಗೃಹದ ಶ್ರೇಷ್ಠಿಯ ಕಥೆಯನ್ನು ಹೇಳಲಿ. ಮಾಯಾಚಾರದಿಂದ ಮನುಷ್ಯನು ಕಪ್ಪೆಯಾದನು, ಭಕ್ತಿಯಿಂದ ಕಪ್ಪೆಯು ದೇವನಾಯಿತು ಎಂಬುದನ್ನು ಕೇಳಿದ ಮಗುವು ಮರುದಿನ ಗಣಕಯಂತ್ರದ ಮುಂದೆ ಕುಳಿತಾಗ, ಅದರ ಕೈ ನಡುಗದಿದ್ದರೂ ಮನಸ್ಸು ಮೃದುವಾಗಿರುತ್ತದೆ.